ಅತ್ತೆಮನೆ ಮುಳುಗಿಸಿದ ನಕ್ಷೆ

ಹೆಂಡತಿ: ಅಳಿಸ್ರೀ ಅಂದ್ರೆ ಅಳಿಸಿ. ನಾನು ಹುಟ್ಟಿದ ಮನೆ ಅದು.

ಗಂಡ: ರಬ್ಬರ್ ಉಜ್ಜಿದ್ರೆ ಸಮುದ್ರ ಹಿಂದಕ್ಕೆ ಹೋಗಲ್ಲ ಕಣೇ.

ಊಟದ ಮೇಜಿನ ತುಂಬ ಕರಾವಳಿ ಹರಡಿಕೊಂಡಿತ್ತು. ಸುರುಳಿ ಸುತ್ತದಿರಲೆಂದು ನಾಲ್ಕು ಮೂಲೆಗೆ ನಾಲ್ಕು ಲೋಟ. ಸಮುದ್ರ ಒಂದು ಮೀಟರು ಏರಿದರೆ ಯಾರ್ಯಾರ ಮನೆಗೆ ನೀರು ನುಗ್ಗುತ್ತದೆಂದು ತೋರಿಸುವ ನಕ್ಷೆ ಅದು. ಬರೆದವನು ಈ ಮನೆಯ ಯಜಮಾನ, ಸರ್ವೆ ಕಚೇರಿಯ ನೌಕರ. ನಾಳೆ ಅದನ್ನು ಒಪ್ಪಿಸಿದರೆ ನೀಲಿ ಬಳಿದ ಮನೆಗಳಿಗೆಲ್ಲ ಖಾಲಿ ಮಾಡಿ ಎಂಬ ನೋಟೀಸು. ಆ ನೀಲಿಯಲ್ಲಿ ಎಲ್ಲಕ್ಕಿಂತ ಮೊದಲು ಮುಳುಗಿದ್ದು ಅವನ ಅತ್ತೆಯ ಮನೆ. ಅತ್ತೆ ಬೆಳಗ್ಗೆಯೇ ಬಂದು, ಜಗಳ ಮಗಳಿಗೆ ವಹಿಸಿ, ಸೋಫಾದಲ್ಲಿ ಕೂತು ಕನ್ನಡಕ ಒರೆಸುತ್ತಿದ್ದರು.

ಹೆಂಡತಿ: ಮುಳುಗಿಸೋಕೆ ನಮ್ಮಮ್ಮನ ಮನೆನೇ ಬೇಕಿತ್ತಾ? ಮದುವೆ ಆದಾಗಿಂದ ಆ ಮನೆ ಕಂಡ್ರೆ ನಿಮಗಾಗಲ್ಲ.

ಗಂಡ: ಅದು ಮುಳುಗಿದ್ರೆ ಅತ್ತೆ ಎಲ್ಲಿಗೆ ಬರ್ತಾರೆ? ಇಲ್ಲಿಗೇ ತಾನೆ? ಗೊತ್ತಿದ್ದೂ ಗೊತ್ತಿದ್ದೂ ಬೇಕಂತ ಮುಳುಗಿಸ್ತೀನಾ?

ಕನ್ನಡಕ ಒರೆಸುವ ಕೈ ನಿಂತಿತು.

ಗಂಡ: ಅಂದ್ರೆ... ಬಂದ್ರೆ ನಮ್ಮ ಭಾಗ್ಯ.

ಅತ್ತೆ: ಭಾಗ್ಯ ಆಮೇಲಿರ್ಲಿ ಅಳಿಯಂದ್ರೇ. ನೀವು ಅಳತೆಗೆ ಬಂದಿದ್ದು ಯಾವಾಗ? ನನ್ನ ಕಣ್ಣಿಗೆ ಬೀಳ್ಲಿಲ್ವಲ್ಲ.

ಗಂಡ: ನೀವು ಮಲಗಿದ್ರಿ.

ಅತ್ತೆ: ನಾನು ಹಗಲು ಮಲಗಿದ್ದು ಟೈಫಾಯ್ಡ್ ಬಂದಾಗ. ಅಳತೆ ಕೋಲು ಎಲ್ಲಿ ನಿಲ್ಲಿಸಿದ್ರಿ?

ಮೊದಲು ಅಂಗಳದಲ್ಲಿ ಅಂದ. ಆಮೇಲೆ ಅಂಗಳದ ಹತ್ತಿರ ಅಂದ. ಹೆಂಡತಿ ಇನ್ನೆರಡು ಪ್ರಶ್ನೆ ಹಾಕಿದ ಮೇಲೆ ನಿಜ ಹೊರಬಿತ್ತು. ಅತ್ತೆ ಕಂಡರೆ ಆರು ತಿಂಗಳಿಂದ ಕಿತ್ತುಕೊಂಡಿರುವ ಬೀರುವಿನ ಬಾಗಿಲಿನ ರಿಪೇರಿ ತನ್ನ ತಲೆಗೆ ಕಟ್ಟುತ್ತಾರೆಂದು ಹೆದರಿ, ಮಹಾರಾಯ ಹಿತ್ತಲ ಗೇಟಿನಾಚೆ ದೋಣಿ ಎಳೆಯುವ ಮರಳಲ್ಲೇ ಕೋಲು ನೆಟ್ಟು, ಎತ್ತರದ ಅಂಕಿ ಗೀಚಿಕೊಂಡು ಕಾಲಿಗೆ ಬುದ್ಧಿ ಹೇಳಿದ್ದ.

ಅತ್ತೆ: ಅಲ್ಲಿಂದ ನನ್ನ ಬಾಗಿಲಿಗೆ ಹನ್ನೊಂದು ಮೆಟ್ಟಿಲು. ಒಂದೊಂದು ಕಲ್ಲನ್ನೂ ನಿಮ್ಮ ಮಾವ ಹೊತ್ತು ತಂದು ಕಟ್ಟಿದ್ದು. ಮಗಳು ಹೇಳಿದಾಗಿಂದ, ಒಂದು ವಾರದಿಂದ ನಾನು ಪಾತ್ರೆಪಗಡ ಗಂಟು ಕಟ್ತಾ ಇದೀನಿ, ಗೊತ್ತಾ ನಿಮಗೆ?

ಅಳಿಯನಿಗೆ ನಿಜಕ್ಕೂ ನಾಚಿಕೆಯಾಯಿತು. ತಪ್ಪಾಯಿತು ಅಂದವನೇ ಲೆಕ್ಕ ತಿದ್ದಿ, ಅತ್ತೆಯ ಮನೆಯ ನೀಲಿಯನ್ನು ತಾನೇ ಅಳಿಸಿದ. ಅಷ್ಟಕ್ಕೆ ಬಿಟ್ಟಿದ್ದರೆ ಅವಳು ಹೆಂಡತಿ ಹೇಗಾದಾಳು?

ಹೆಂಡತಿ: ನಮ್ಮನೆ ಬಿಳಿ ಇದೆಯಲ್ಲ. ಇದನ್ನ ಎಲ್ಲಿ ಅಳೆದ್ರಿ?

ಗಂಡ: ನಮ್ಮದು ಬಿಡು, ಕಡಲಿಂದ ದೂರ.

ಹೆಂಡತಿ: ಹಿಂದುಗಡೆ ಕಾಲುವೆ ಕಡಲಿಗೇ ಸೇರತ್ತಲ್ಲ. ಎಲ್ಲಿ ಅಂದೆ.

ಗಂಡ: ಟೆರೇಸ್ ಮೇಲೆ. ಕೋಲು ಹೊಸದಾಗಿ ಬಂದಿತ್ತು, ಪರೀಕ್ಷೆ ಮಾಡೋಣ ಅಂತ ಹತ್ತಿದ್ದೆ. ಅದೇ ಅಂಕಿ ಓಣಿಗೆಲ್ಲ ಹಾಕ್ಬಿಟ್ಟೆ.

ಹೆಂಡತಿ: ನಾವು ಟೆರೇಸ್ ಮೇಲೆ ಸಂಸಾರ ಮಾಡ್ತೀವೇನ್ರೀ?

ಟೆರೇಸಿನ ಅಂಕಿಯಿಂದ ಮೂರು ಅಂತಸ್ತಿನ ಎತ್ತರ ಕಳೆದ. ನಂಬಿಕೆ ಬರದೆ ಇನ್ನೊಮ್ಮೆ ಕಳೆದ. ನೀರು ಬಂದು ನಿಂತಿದ್ದು ನೆಲಮಹಡಿಯ ತಮ್ಮದೇ ಅಡುಗೆಮನೆಯ ಕಟ್ಟೆಯವರೆಗೆ. ನೀಲಿ ಪೆನ್ಸಿಲು ಅವನ ಕೈಯಲ್ಲೇ ಉಳಿಯಿತು. ಹೀಗೇ ಕೊಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಮೆಲ್ಲಗೆ ಗೊಣಗಿಯೂ ನೋಡಿದ.

ಹೆಂಡತಿ: ಎದುರುಮನೆ ಮಗು ನೆಲದ ಮೇಲೆ ಮಲಗತ್ತೆ. ಬಳೀರಿ.

ಬಳಿದ. ತನ್ನ ಮನೆ, ಎದುರುಮನೆ, ಮೂಲೆಯ ದರ್ಜಿ ಅಂಗಡಿ, ಓಣಿಯ ಇಪ್ಪತ್ತಾರು ಮನೆಯೂ ನೀಲಿಯಾದವು. ಹೆಂಡತಿ ತಾಯಿಯ ಪಕ್ಕ ಹೋಗಿ ಕೂತಳು.

ಹೆಂಡತಿ: ಅಮ್ಮಾ, ನೀರು ಬಂದ್ರೆ ನಿನ್ನ ಹತ್ರ ಬರಬಹುದಾ?

ಅತ್ತೆ: ನೀರಿಗೆ ಕಾಯ್ಬೇಡಿ ಮಗಳೇ, ಅದಕ್ಕಿನ್ನೂ ಟೈಮಿದೆ. ಈ ನಕ್ಷೆ ಬರೆದವರು ಯಾರು ಅಂತ ಓಣಿಯವರಿಗೆ ಗೊತ್ತಾಗೋದ್ರೊಳಗೆ ಬಂದ್ಬಿಡಿ.