ಕೊಸರು ಕೇಳಿದ ಕುಕ್ಕರ್

"ನೋಡು ಸರ್ವಮಂಗಳಾ, ಇನ್ಮೇಲೆ ಚೌಕಾಸಿ ಮಾಡಿ ನೀನು ಗಂಟಲು ಹರ್ಕೊಳ್ಳೋದು ಬೇಡ!" ಎಂದು ನಮ್ಮ ಯಜಮಾನರು ಜಂಬದಿಂದ ಬೆಡ್‌ಶೀಟ್ ಎಳೆದರು. ಅದರಡಿ ನಿಂತಿತ್ತು ನನ್ನ ಹತ್ತು ಲೀಟರಿನ ಕುಕ್ಕರ್! ಕೆಳಗೆ ಮಗುವಿನ ಸೈಕಲ್ಲಿನ ಮೂರು ಗಾಲಿ, ಮೇಲೊಂದು ಸ್ಪೀಕರ್, ಕಣ್ಣಿಗೆ ಎರಡು ಟಾರ್ಚು.

"ಅಯ್ಯೋ, ಹಬ್ಬಕ್ಕೆ ಅನ್ನ ಮಾಡೋ ಕುಕ್ಕರ್ರು ಕಣ್ರೀ ಅದು!"

"ಅನ್ನ ಯಾರು ಬೇಕಾದ್ರೂ ಮಾಡ್ತಾರೆ. ಇದು ವ್ಯಾಪಾರ ಮಾಡುತ್ತೆ! ದುಡ್ಡು ಹೊಟ್ಟೇಲಿರುತ್ತೆ. ಬೆಲೆ ಕುದುರೋವರೆಗೆ ಮುಚ್ಚಳ ತೆಗೆಯಲ್ಲ."

ತುಮಕೂರಿನಲ್ಲಿ ಇವರದೊಂದು ಲೇತ್ ಅಂಗಡಿ. ಅಲ್ಲಿ ಕೆಲಸ ಕಡಿಮೆ, ಕಿತಾಪತಿ ಜಾಸ್ತಿ. ಅಷ್ಟರಲ್ಲಿ ತರಕಾರಿ ಗಾಡಿ ಬಂತು. ಗಾಡಿಯವನು ಟೊಮೇಟೊ ನಲವತ್ತು ಎಂದ.

"ಇಪ್ಪತ್ತು! ಕೊಡಂಗಿದ್ರೆ ಕೊಡಪ್ಪ, ಇಲ್ಲಾಂದ್ರೆ ಹೋಗ್ತೀನಿ!" ಎಂದು ಕುಕ್ಕರ್ ಅರಚಿತು. ಅದು ನನ್ನದೇ ದನಿ! ಎರಡು ವರ್ಷ ನನ್ನ ಹಿಂದೆ ಸಂತೆಗೆ ಬಂದು ಇವರು ಕದ್ದು ರೆಕಾರ್ಡ್ ಮಾಡಿದ್ದರಂತೆ.

"ಥೂ! ನಾನು ಹಿಂಗಾ ಕಿರ್ಚೋದು?"

"ಇಲ್ಲ, ಸ್ವಲ್ಪ ಕಮ್ಮಿ ಮಾಡಿ ಇಟ್ಟಿದೀನಿ."

ಗಾಡಿಯವನು ಒಪ್ಪಲಿಲ್ಲ. ಕುಕ್ಕರ್ ನನ್ನಂತೆಯೇ ಮುಖ ತಿರುಗಿಸಿ ಹೊರಟಿತು. ಹತ್ತು ಹೆಜ್ಜೆಯಾಗುವಷ್ಟರಲ್ಲಿ ಅವನು, "ಬಾರಮ್ಮ, ಇಪ್ಪತ್ತೈದಕ್ಕೆ ತಗೋ" ಎಂದು ಕರೆದ. ಅದು ವಾಪಸ್ ಬಂದು "ಕೊಸರು?" ಎಂದಿತು. ಅವನು ಒಂದು ಹಿಡಿ ಕೊತ್ತಂಬರಿ ಎಸೆದ ಮೇಲೆಯೇ ಮುಚ್ಚಳ ತೆರೆದದ್ದು.

ಒಂದು ವಾರ ನಾನೂ ಮೆರೆದೆ. ಆಮೇಲೆ ಇವರಿಗೆ ಜ್ವರ ಬಂದಾಗ ಕುಕ್ಕರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು "ನೂರೆರಡು ಇದೆ" ಎಂದದ್ದೇ ತಡ, "ತೊಂಬತ್ತೆಂಟಕ್ಕೆ ಮಾಡ್ಕೊಡಿ!" ಎಂದಿತು. ಡಾಕ್ಟರು ನಗಲಿಲ್ಲ. ಅದೂ ಬಿಡಲಿಲ್ಲ.

ಆಗಲೇ ನಾನು ಅದನ್ನು ಅಟ್ಟಕ್ಕೆ ಎಸೆಯಬೇಕಿತ್ತು. ಆದರೆ ಅದೇ ಭಾನುವಾರ ಪಂಕಜಮ್ಮ ಮೇಡಂ ಮಾರಲಿಟ್ಟಿದ್ದ ಮನೆಯ ವ್ಯಾಪಾರವಿತ್ತು. ನಾದಿನಿಯ ಮದುವೆ ಸಾಲ ತೀರಿಸಲು ನಮಗೆ ಒಂಬತ್ತು ವರ್ಷ ಹಿಡಿದಿತ್ತು. ಆಮೇಲೆ ಹೊಟ್ಟೆಬಟ್ಟೆ ಕಟ್ಟಿ ಮೂರು ಲಕ್ಷ ಅಡ್ವಾನ್ಸ್ ಕೂಡಿಟ್ಟಿದ್ದೆವು. ಬ್ಯಾಂಕಿನ ಸಾಲವೂ ಸೇರಿದರೆ ಇಪ್ಪತ್ತಮೂರು ಲಕ್ಷ. ಮೇಡಂ ಹೇಳಿದ್ದು ಇಪ್ಪತ್ತಾರು! ಸಂಜೆಗೆ ಇನ್ನೊಂದು ಪಾರ್ಟಿ ಬೇರೆ ಬರುವುದಿತ್ತು. ಆ ಮನೆಯ ಅಡುಗೆಮನೆ ಕಿಟಕಿಯನ್ನು ನೋಡಿದಾಗಿನಿಂದ ನನಗೆ ಊಟ ಸೇರುತ್ತಿರಲಿಲ್ಲ.

"ಇಪ್ಪತ್ತಮೂರು ಮೀರದ ಹಾಗೆ ತಿರುಪು ಬಿಗಿ ಮಾಡಿದೀನಿ" ಎಂದು ಇವರು ಅಡ್ವಾನ್ಸನ್ನು ಕುಕ್ಕರಿನ ಹೊಟ್ಟೆಗೆ ತುಂಬಿದರು.

ಅಲ್ಲಿಗೆ ಹೋದ ಕೂಡಲೇ ಮೇಡಂ ಬೆಲೆ ಹೇಳಿದರು. "ಹದಿಮೂರು!" ಎಂದಿತು ಕುಕ್ಕರ್.

"ಏನಮ್ಮ, ಇದು ಮನೆಯೋ, ಸೊಪ್ಪಿನ ಕಟ್ಟೋ?"

"ಹೋಗ್ತೀನಿ!"

ಹೊರಟೇಬಿಟ್ಟಿತು! ಮೇಡಂ ಕರೆಯಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಎದ್ದು ಹೋದವರನ್ನು ಕರೆದು ಅವರಿಗೆ ಅಭ್ಯಾಸವಿಲ್ಲ. ಕುಕ್ಕರ್ ಗೇಟು ದಾಟಿ ಇಳಿಜಾರಿಗೆ ಬಿತ್ತು, ಓಡಿ ಹಿಡಿಯುವ ಹಾಗಿರಲಿಲ್ಲ.

"ಕರೀರೀ ಅದನ್ನ!" ಎಂದು ನಾನು ಬಾಯಿ ಬಡಿದುಕೊಂಡೆ.

"ನಾವು ಕರೆದ್ರೆ ಬರಲ್ಲ ಕಣೇ! ಮಾರೋರು ಬೆಲೆ ಇಳಿಸಿ ಕರೆದ್ರೆ ಮಾತ್ರ ತಿರುಗುತ್ತೆ. ನೀನು ಮಧ್ಯದಲ್ಲಿ ಮೆತ್ತಗಾಗ್ತೀಯ ಅಂತ ಹಂಗೆ ಮಾಡ್ದೆ!"

ಕೆಳಗೆ ಲಾರಿಗಳು ಓಡಾಡುವ ಮೇನ್ ರೋಡು! ನಮ್ಮ ಇಷ್ಟು ವರ್ಷದ ದುಡ್ಡು ಗಡಗಡ ಉರುಳುತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ. "ಮೇಡಂ, ನಿಮ್ಮ ದಮ್ಮಯ್ಯ, ಒಂದ್ಸಲ ಕರೀರಿ!" ಎಂದು ಅವರ ಕೈ ಹಿಡಿದೆ. ಅವರು ನನ್ನ ಮುಖ ನೋಡಿದರು, ಕೆಮ್ಮಿದರು.

"ಏಯ್, ಬಾರೇ ಇಲ್ಲಿ! ಇಪ್ಪತ್ತೈದು!"

ಕುಕ್ಕರ್ ಗಕ್ಕನೆ ನಿಂತು ತಿರುಗಿ ಬಂತು. "ಹದಿನೈದು! ಹೋಗ್ತೀನಿ!" ಮತ್ತೆ ಹೊರಟಿತು.

"ಇಪ್ಪತ್ನಾಲ್ಕು!"

ಬಂತು. ಹೋಯಿತು. ಬೀದಿಯವರೆಲ್ಲ ಕಾಂಪೌಂಡ್ ಮೇಲೆ ಕೂತು, "ಇನ್ನೊಂಚೂರು ಇಳಿಸಿ ಮೇಡಂ!" ಎಂದು ಕೂಗತೊಡಗಿದರು. ಮೂರನೇ ಸಲ ಅದು ಮೇನ್ ರೋಡಿನ ಅಂಚಿಗೇ ಹೋಗಿತ್ತು.

"ಇಪ್ಪತ್ತಮೂರು! ಹಾಳಾಗಿ ಹೋಗ್ಲಿ!"

"ಸರಿ" ಎಂದಿತು ತಿರುಗಿ ಬಂದ ಕುಕ್ಕರ್. ನಾನು ಇವರನ್ನು ಬೀದಿಯಲ್ಲೇ ತಬ್ಬಿಕೊಂಡೆ! ಆದರೆ ಮುಚ್ಚಳ ತೆರೆಯಲಿಲ್ಲ. ಅದು ಉಸ್ಸೆಂದು ಒಂದು ಸೀಟಿ ಹೊಡೆದು, "ಕೊಸರು?" ಎಂದಿತು.

"ಮನೆಗೆ ಎಲ್ಲಿಂದ ಹಾಕಲಿ ಕೊಸರು?" ಎಂದು ರೇಗಿದ ಮೇಡಂ ಯಾಕೋ ಮಹಡಿಯ ಕಡೆ ನೋಡಿದರು. ಅವರ ಮುಖ ಅರಳಿತು. "ಮೇಲಿನ ರೂಮಲ್ಲಿ ನಮ್ಮ ಮೈದುನ ರುದ್ರಪ್ಪ ಇದಾನೆ. ಬ್ಯಾಂಡ್ ಸೆಟ್ಟಲ್ಲಿ ಕ್ಲಾರಿನೆಟ್ ಊದ್ತಿದ್ದ. ಇಟ್ಕೊಳಿ!"

ನಾನು ಬಾಯಿ ತೆರೆಯುವ ಮೊದಲೇ ಕುಕ್ಕರ್ ಮುಚ್ಚಳ ತೆರೆದಿತ್ತು.

ಈಗ ಸ್ವಂತ ಮನೆಯಲ್ಲಿದ್ದೇವೆ, ಕಂತೂ ತಪ್ಪಿಲ್ಲ. ಬೆಳಿಗ್ಗೆ ಐದಕ್ಕೆ ಕ್ಲಾರಿನೆಟ್ ಶುರುವಾಗುತ್ತದೆ. ಬ್ಯಾಂಡ್‌ನವರು ರುದ್ರಪ್ಪನವರನ್ನು ಯಾಕೆ ಬಿಡಿಸಿದರೆಂದು ಮೊದಲ ದಿನವೇ ತಿಳಿಯಿತು. ಮೇಡಂಗೆ ಫೋನ್ ಮಾಡಿದರೆ, "ಕೊಸರು ವಾಪಸ್ ತಗೊಳ್ಳೋದು ಎಲ್ಲಾದ್ರೂ ಉಂಟೇನಮ್ಮ?" ಎನ್ನುತ್ತಾರೆ.

ಒಂದು ಹಾಡು ಮುಗಿಯಿತು ಎಂದು ನಾನು ಮಗ್ಗುಲು ಬದಲಿಸುವಾಗ ಕುಕ್ಕರ್ ಮೆಟ್ಟಿಲ ಕೆಳಗೆ ನಿಂತು, ನನ್ನದೇ ದನಿಯಲ್ಲಿ, "ಕೊಸರು?" ಎಂದು ಕೂಗುತ್ತದೆ.

ಪಾಪ, ರುದ್ರಪ್ಪನವರು ಒಂದು ದಿನವೂ ಇಲ್ಲ ಎಂದವರಲ್ಲ.