ಕ್ರೆಸೆಂಡೊ ಏರಲು ಬಿಡದ ಜನ

ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು ಅವಮಾನ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ನಮ್ಮ ವಿಳಾಸ ಕೇಳಿಕೊಂಡು ಬರುತ್ತದೆ. ಎಪ್ಪತ್ತರ ದಶಕದಲ್ಲಿ ನಮ್ಮ ತಂಡಕ್ಕೆ ಅದು ಬಂದದ್ದು ಒಂದೇ ಪದದಿಂದ: ಕ್ರೆಸೆಂಡೊ.

ಮಿಲಿಟರಿ ಬ್ಯಾಂಡಿನಿಂದ ನಿವೃತ್ತರಾಗಿ ಬಂದ ನಮ್ಮ ಮಾಸ್ತರು ಆ ಪದವನ್ನೂ ಟ್ರಂಪೆಟ್ಟಿನ ಜೊತೆ ತಂದಿದ್ದರು. "ಕ್ರೆಸೆಂಡೊ ಅಂದ್ರೆ ಜೋರು ಅಲ್ರಪ್ಪ. ಮೆಲ್ಲಗೆ ಶುರು ಮಾಡಿ ಸದ್ದು ಏರಿಸ್ಕೊಂಡು ಹೋಗಾದು," ಅನ್ನುತ್ತಿದ್ದರು. ಅವರ ಮುಂದಿನ ಹಲ್ಲು ಅಲ್ಲಾಡುತ್ತಿದ್ದವು. ಹಲ್ಲು ಹೋದರೆ ಟ್ರಂಪೆಟ್ಟೂ ಹೋಯಿತು. ಅಷ್ಟರೊಳಗೆ ಜನ ಒಂದು ಸಲವಾದರೂ ಅದನ್ನು ಕೊನೆತನಕ ಕೇಳಲಿ ಎಂಬುದೊಂದೇ ಅವರ ಆಸೆ. ನಮ್ಮ ಜನ ಕೇಳುತ್ತಾರೆಯೇ!

ಚನ್ನಗಿರಿ

ಮದುಮಗನ ಮೆರವಣಿಗೆ. ಮೆಲ್ಲಗೆ ಶುರು ಮಾಡಿದೆವು. ಮದುಮಗನ ದೊಡ್ಡಪ್ಪ ಓಡಿ ಬಂದರು.

"ಯಾಕ್ರೀ, ಉಂಡಿಲ್ವೇನ್ರೀ?"

"ಸ್ವಲ್ಪ ತಡೀರಿ ಯಜಮಾನ್ರೇ, ಈಗ ಏರ್ತೈತೆ," ಅಂದರು ಮಾಸ್ತರು.

"ಅದು ಏರಾತನಕ ಕಾಯ್ತಾ ಕೂತ್ರೆ ಹುಡುಗನ ಮನಸ್ಸು ಬದಲಾಗ್ತೈತೆ. ಊದ್ರಿ ಜೋರಾಗಿ!"

ನ್ಯಾಮತಿ

ಓಲಗದವರು ಕೈಕೊಟ್ಟಿದ್ದರು. ತಾಳಿ ಕಟ್ಟುವಾಗ ಗಟ್ಟಿಮೇಳವೂ ನಮ್ಮ ಪಾಲಿಗೇ ಬಂತು. ಅಪಶಕುನದ ಸದ್ದೇನೂ ಕಿವಿಗೆ ಬೀಳದಿರಲಿ ಅಂತಲೇ ಗಟ್ಟಿಮೇಳ ಒಮ್ಮೆಲೇ ಬಾರಿಸುವುದು. ಅಯ್ಯನವರು ಕೈ ಎತ್ತಿದರು. ಮಾಸ್ತರು ಹಟಕ್ಕೆ ಬಿದ್ದು ಮೆಲ್ಲಗೆ ಶುರು ಮಾಡಿದರು. ಸದ್ದು ಏರುವ ಮೊದಲೇ ಯಾರೋ ಚಪ್ಪರ ಹಾರುವಂತೆ ಸೀನಿದರು.

ಹುಡುಗಿಯ ಅಜ್ಜಿ ಎದ್ದು ನಿಂತಳು. "ಇಷ್ಟು ಜನ ಸೇರಿ ಒಂದು ಸೀನು ಮುಚ್ಚಾಕಾಗ್ಲಿಲ್ಲ. ನಿಮ್ಮದೂ ಒಂದು ಬ್ಯಾಂಡೇನ್ರೀ?"

ಹೊನ್ನಾಳಿ

ಎಂಬತ್ತರ ಹೊತ್ತಿಗೆ ಮದುವೆಗೊಂದು ಮೈಕ್ ಸೆಟ್ಟು ಬಂತು. ಇಲ್ಲಿ ನಾವು ಏರಿಸಿದಷ್ಟೂ ಮೈಕ್ ಸೆಟ್ಟಿನವನೂ ಸೌಂಡು ಏರಿಸಿದ. ಮಾಸ್ತರು ಕೇಳಲು ಹೋದರೆ, "ನಂದೂ ಏರ್ಸಾದೇ ಕಣ್ರೀ, ನಿಮಗೆ ಉಸಿರು ಬೇಕು, ನನಗೆ ಬೆರಳು ಸಾಕು," ಅಂದ.

ಜಗಳೂರು

ಕೊನೆಗೆ ಒಬ್ಬ ಹಿರಿಯರ ಶವದ ಮೆರವಣಿಗೆಗೆ ಕರೆ ಬಂತು. ಸಾವಿನ ಮನೆಯಲ್ಲಿ ಮೆಲ್ಲಗೆ ಊದಬೇಡಿ ಅನ್ನುವವರು ಯಾರು? ಮಾಸ್ತರು ಉಸಿರಿನಷ್ಟು ಸಣ್ಣಗೆ ಶುರು ಮಾಡಿದರು. ಬೀದಿಯ ಜನ ಬಾಗಿಲಿಗೆ ಬಂದು ಕಿವಿಗೊಟ್ಟು ನಿಂತರು. ಸದ್ದು ಏರಿತು, ಇನ್ನೂ ಏರಿತು. ಮಾಸ್ತರ ಕಣ್ಣಲ್ಲಿ ನೀರು. ಇಷ್ಟು ವರ್ಷಕ್ಕೆ ಒಬ್ಬರಾದರೂ ಕೇಳಿದರಲ್ಲ ಅಂತ ನಾನೂ ಎದೆತುಂಬ ಉಸಿರೆಳೆದು ಊದಿದೆ. ಇನ್ನೊಂದು ಉಸಿರು ಊದಿದ್ದರೆ ಮುಗಿಯುತ್ತಿತ್ತು.

ಸತ್ತವರ ಹಿರಿಯ ಮಗ ಓಡಿ ಬಂದು ಮಾಸ್ತರ ಕೈ ಹಿಡಿದುಕೊಂಡ.

"ತಗ್ಗಿಸ್ರಿ ಮಾಸ್ತರೇ, ನಿಮ್ಮ ಕಾಲಿಗೆ ಬೀಳ್ತೀನಿ! ನಾವು ಅಳಾದು ನೆಂಟರಿಗೆ ಕೇಳ್ತಾನೇ ಇಲ್ಲ. ಅತ್ತಿದ್ದೆಲ್ಲ ದಂಡ ಆಗ್ತೈತೆ!"