ನನ್ನ ಮಗಳ ಒಡಕು ದನಿ

ಮಕ್ಕಳ ಹೊಟ್ಟೆನೋವಿಗೆ ಯಾರೂ ಕೇಳದೆಯೇ ಔಷಧ ಹೇಳದ ತಂದೆ ಈ ಲೋಕದಲ್ಲಿ ಇರಲಿಕ್ಕಿಲ್ಲ. ನಾನಂತೂ ಸವಣೂರಿನಲ್ಲಿ ಖಾರದ, ಅಂದರೆ ಎಣ್ಣೆಯಲ್ಲಿ ಕರಿದ ಕುರುಕಲಿನ, ಅಂಗಡಿ ಇಟ್ಟವನು. ಊರಿನ ಅರ್ಧ ಹೊಟ್ಟೆನೋವಿಗೆ ನಾನೇ ಕಾರಣವೆಂದು ಹೆಂಡತಿ ರೇಣುಕಾ ಹೇಳುತ್ತಾಳೆ. ಹಾಗಾಗಿ ಐದನೆಯ ತರಗತಿಯ ಮಗಳು ಸಂಗೀತಾ ದಿನಾ ಬೆಳಿಗ್ಗೆ ಹೊಟ್ಟೆ ಹಿಡಿದು ಕೂರತೊಡಗಿದಾಗ, ಅಂಗಡಿಯ ಖಾರ ಕದ್ದು ತಿಂದಿದ್ದಾಳೆಂದು ತೀರ್ಮಾನಿಸಿ ಅಜವಾನದ ನೀರು ಕುಡಿಸಿದೆ. ಶಾಲೆಯ ಬಸ್ಸು ಹೋದ ಮೇಲೆ ನೋವು ತಾನಾಗಿ ಇಳಿಯುತ್ತಿತ್ತು. ಅಜವಾನದ ಪವಾಡವೆಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡೆ.

"ಪವಾಡ ಅಲ್ರಿ ಅದು," ಎಂದಳು ರೇಣುಕಾ. "ಸಾಲಿ ಹೆಸರ ತಗದ್ರ ಮಾರಿ ಬಾಡತೈತಿ. ರವಿವಾರ ನೋವ ಇರಂಗಿಲ್ಲ. ಹುಡುಗಿಗೆ ಏನೋ ಆಗೇತಿ."

ಸಂಜೆ ಅವಳು ಮಗಳ ತಲೆ ಬಾಚುತ್ತ, ಬೈಯದೆ, ಅವಸರಿಸದೆ ಕೇಳಿದಾಗ ವಿಷಯ ಹೊರಬಿತ್ತು. ಸಂಗೀತಾ ಎಂಬ ಹೆಸರು ನಾವಿಟ್ಟದ್ದು. ಒಡಕು ದನಿ ನನ್ನಿಂದ ಬಂದದ್ದು. ಶಾಲೆಯವರು ಮಕ್ಕಳಿಗೆ ನವಿಲು ತೋರಿಸಲು ಬಂಕಾಪುರಕ್ಕೆ ಕರೆದೊಯ್ದಿದ್ದರು. ಅಲ್ಲಿ ನವಿಲು ಕೂಗಿದ್ದೇ ತಡ, ಪೂಜಾ ಎಂಬ ಹುಡುಗಿ, "ಏ, ಸಂಗೀತಾ ಕೂಗಿದ್ಲು!" ಎಂದಳಂತೆ. ಅಂದಿನಿಂದ ಇವಳು ತರಗತಿಯಲ್ಲಿ ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನಿಂದ ನವಿಲಿನ ಕೂಗು. ಇವಳು ಮಾತಾಡುವುದನ್ನೇ ಬಿಟ್ಟಿದ್ದಳು.

ನಾನು ಸಮಾಧಾನಕ್ಕೆ ಇಳಿದೆ. "ಹುಚ್ಚಿ, ನವಿಲಂದ್ರ ರಾಷ್ಟ್ರಪಕ್ಷಿ! ಖುಷಿ ಪಡು." ಮಗಳು ಗೋಡೆಯ ಕಡೆ ತಿರುಗಿದಳು. ರೇಣುಕಾ ನೋಡಿದ ನೋಟಕ್ಕೆ ಹೆದರಿ, ಪೂಜಾಳ ಅಪ್ಪನ ಜೊತೆ ಜಗಳಕ್ಕೆಂದು ಚಪ್ಪಲಿ ಮೆಟ್ಟಿದೆ.

"ಕುಂಡರ್ರಿ! ನೀವು ಅಲ್ಲಿ ಒದರಿ ಬಂದ್ರ ನಾಳೆ ಕ್ಲಾಸಿನ್ಯಾಗ ಅನಿಸ್ಕೊಳ್ಳಾಕಿ ಇಕೀನ. ಮೊದ್ಲ ಇಕಿ ಹೇಳೂದು ಪೂರ್ತಿ ಕೇಳ್ರಿ."

ಕುಳಿತು ಕೇಳಿದೆ. ನಡುವೆ ಬಾಯಿ ಹಾಕದೆ ಕೇಳುವುದು ನನಗೆ ಖಾರ ಕರಿಯುವುದಕ್ಕಿಂತ ಕಷ್ಟ. ಕೊನೆಗೆ, "ಇದ್ರಾಗ ನಿಂದೇನೂ ತಪ್ಪಿಲ್ಲವ್ವಾ," ಎಂದೆ. ಅವಳು ಮೊದಲ ಸಲ ಅತ್ತದ್ದು ಆಗ.

ಮರುದಿನ ಇಬ್ಬರೂ ಹೋಗಿ ಟೀಚರಿಗೆ ಹೇಳಿದೆವು. "ಒಬ್ಬಾಕಿ ಅಳಾಕತ್ತಾಗ ಉಳದವ್ರು ನಕ್ರ ಅದು ಚ್ಯಾಷ್ಟಿ ಅಲ್ರಿ," ಎಂದ ಅವರು ಪೂಜಾಳನ್ನು ಬೇರೆಯಾಗಿ ಕರೆದು ಮಾತಾಡಿದರು, ಜಾಗ ಬದಲಿಸಿದರು, ಕಣ್ಣಿಟ್ಟರು. ಮನೆಯಲ್ಲಿ ತಾಲೀಮು. ನಾನು ಪೂಜಾ ಆಗಿ ನವಿಲಿನಂತೆ ಕೂಗಬೇಕು, ಮಗಳು ನೆಟ್ಟಗೆ ನಿಂತು, "ಹಂಗ ಅನಬ್ಯಾಡ. ನನಗ ಸೇರಂಗಿಲ್ಲ," ಎನ್ನಬೇಕು. ನನ್ನ ಕೂಗು ಕೇಳಿ ಪಕ್ಕದ ಮನೆಯ ಅಜ್ಜಿ, "ಯಾರಿಗೆ ಏನಾತು?" ಎಂದು ಓಡಿಬಂದಳು. ಮಗಳು ಬಿದ್ದು ಬಿದ್ದು ನಕ್ಕಳು.

ಒಂದು ದಿನ ತರಗತಿಯಲ್ಲಿ ಮತ್ತೆ ಕೂಗು ಬಂತು. ಸಂಗೀತಾ ಎದ್ದು, ತಿರುಗಿ, ಆ ಮಾತು ಹೇಳಿಯೇಬಿಟ್ಟಳು. ಪಕ್ಕದ ಗೆಳತಿಯೂ ಎದ್ದು ನಿಂತಳಂತೆ. ಯಾರೂ ನಗಲಿಲ್ಲ. ವಾರ ಕಳೆಯುವುದರೊಳಗೆ ಪೂಜಾ ತಾನಾಗಿ ಬಂದು "ತಪ್ಪಾತು" ಎಂದಳು.

ಆಮೇಲೆ ಶಾಲೆಯ ಪ್ರಾರ್ಥನೆಯಲ್ಲಿ ವಾರ್ತೆ ಓದಲು ನಮ್ಮವಳೇ ಕೈ ಎತ್ತಿದಳು. ನಾನು ಅಂಗಡಿ ಮುಚ್ಚಿ ಓಡಿದೆ. ಮೈಕಿನಲ್ಲಿ ಆ ದನಿ ಕೇಳಿದ್ದೇ, ಮೊದಲ ವಾಕ್ಯಕ್ಕೇ, ತಡೆಯಲಾರದೆ ಚಪ್ಪಾಳೆ ತಟ್ಟಿದೆ. ಇಡೀ ಶಾಲೆ ತಿರುಗಿ ನೋಡಿತು. ಮಗಳು ಕಾಗದ ಕೆಳಗಿಳಿಸಿ, ಮೈಕಿನಲ್ಲೇ ಹೇಳಿದಳು: "ಅಪ್ಪಾ, ಸುಮ್ನಿರು. ಇನ್ನೂ ಮುಗದಿಲ್ಲ."

ಮೈಕು ಬಹಳ ಚೆನ್ನಾಗಿತ್ತು. ಬಜಾರದವರೆಗೂ ಕೇಳಿಸಿತಂತೆ.